ಕುಂಬಳಕಾಯಿ ಪೈನಲ್ಲಿ ಕುಂಬಳಕಾಯಿ ಎಲ್ಲಿ?

"ನಿಮ್ಮ ಕಡೆ ಕುಂಬಳಕಾಯಿ ಅಂದ್ರೆ ಕರ್ರಿ ಮಾತ್ರ ಅಲ್ವಾ? ಸ್ವೀಟ್ ಮಾಡಲ್ಲ ಅಲ್ವಾ?" ಅಕ್ಟೋಬರ್ ಬಂತೆಂದರೆ ಅಮೆರಿಕದ ಆಫೀಸುಗಳಲ್ಲಿ ನಮ್ಮವರಿಗೆ ಈ ಪ್ರಶ್ನೆ ತಪ್ಪುವುದಿಲ್ಲ. ಕೇಳುವವರ ಕೈಯಲ್ಲಿ ಅಂಗಡಿಯಿಂದ ತಂದ ಪಂಪ್ಕಿನ್ ಪೈನ, ಎಂದರೆ ಹಿಟ್ಟಿನ ತಳದೊಳಗೆ ಕುಂಬಳಕಾಯಿ ಹೂರಣ ತುಂಬಿ ಬೇಯಿಸಿದ ಸಿಹಿಯ, ತುಂಡು ಇರುತ್ತದೆ. ಕೆಟ್ಟ ಮನಸ್ಸಿನಿಂದ ಕೇಳಿದ ಪ್ರಶ್ನೆಯಲ್ಲ, ನಿಜ. ಆದರೂ ಗಾರಿಗೆ, ಕಡುಬು, ಹಲ್ವ, ಪಾಯಸ ತಿಂದು ಬೆಳೆದವರಿಗೆ ಒಳಗೆ ಚುರುಕ್ ಅನ್ನುತ್ತದೆ. ಆ ಪೈ ಬಾಯಿಗಿಟ್ಟ ಮೇಲೆ ಇನ್ನೂ ಸ್ವಲ್ಪ ಹೆಚ್ಚೇ ಅನ್ನುತ್ತದೆ. ಮೊದಲು ಚಕ್ಕೆ ಸಿಗುತ್ತದೆ, ಹಿಂದೆಯೇ ಲವಂಗ, ಶುಂಠಿ, ಕೊನೆಗೆ ಸಕ್ಕರೆ. ಕುಂಬಳಕಾಯಿ ಬಣ್ಣಕ್ಕೆ ಮಾತ್ರ ಬಂದು ಹೋಗಿದೆ.

ಪೈ ಕೆಟ್ಟ ತಿಂಡಿ ಎಂದು ಹೇಳುತ್ತಿಲ್ಲ. ಕುಂಬಳಕಾಯಿಯ ಸಿಹಿ ಅನ್ನುವ ಹೆಸರಿಗೆ ಅದು ಸಲ್ಲುವುದಿಲ್ಲ ಎಂದಷ್ಟೇ ನನ್ನ ತಕರಾರು. ಕಾರಣ ರುಚಿಯ ಅಭ್ಯಾಸ, ಊರಿನ ಮೋಹ ಇತ್ಯಾದಿ ಇದ್ದೇ ಇವೆ, ಆದರೆ ಮುಖ್ಯ ಕಾರಣ ನೀರು. ಕುಂಬಳಕಾಯಿ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ. ಅದರಿಂದ ಸಿಹಿ ಮಾಡಬೇಕಾದರೆ ಆ ನೀರಿಗೆ ಒಂದು ದಾರಿ ಕಾಣಿಸಲೇಬೇಕು. ಅವರ ದಾರಿ ಬೇರೆ, ನಮ್ಮ ದಾರಿ ಬೇರೆ.

ಪೈನ ಲೆಕ್ಕ ನೋಡಿ. ಇಲ್ಲಿ, ಅಮೆರಿಕದ ಮನೆಗಳಲ್ಲಿ, ಬಹುಮಟ್ಟಿಗೆ ನಡೆಯುವುದು ಲಿಬ್ಬೀಸ್ ಎಂಬ ಹೆಸರಿನ ಕುಂಬಳಕಾಯಿ ಡಬ್ಬಿಯ ಮೇಲೆ ಅಚ್ಚಾಗುವ ವಿಧಾನ. 15 ಔನ್ಸಿನ, ಎಂದರೆ 425 ಗ್ರಾಮಿನ ಒಂದು ಡಬ್ಬಿ ಕುಂಬಳಕಾಯಿ, 12 ಔನ್ಸಿನ ಒಂದು ಡಬ್ಬಿ ಬತ್ತಿಸಿದ ಹಾಲು, ಎರಡು ದೊಡ್ಡ ಮೊಟ್ಟೆ, ಮುಕ್ಕಾಲು ಕಪ್ ಸಕ್ಕರೆ, ಒಂದು ಟೀ ಚಮಚ ಚಕ್ಕೆ ಪುಡಿ, ಅರ್ಧ ಚಮಚ ಶುಂಠಿ, ಕಾಲು ಚಮಚ ಲವಂಗ, ಅರ್ಧ ಚಮಚ ಉಪ್ಪು. ಎಲ್ಲ ಸೇರಿದರೆ ಒಂದು ಕಿಲೋ ಮೀರುತ್ತದೆ, ಅದರಲ್ಲಿ ಸುಮಾರು 700 ಗ್ರಾಂ ನೀರು. ಅಷ್ಟು ನೀರಿನ ಒಂದು ಹನಿಯನ್ನೂ ಬೇಕೆಂದು ಹೊರಗೆ ಓಡಿಸುವುದಿಲ್ಲ. ಎರಡು ಮೊಟ್ಟೆಯ ಕೈಗೆ ಕೊಟ್ಟು, ಹಿಡಿದುಕೋ ಅನ್ನುತ್ತಾರೆ. ಓವನ್ನಿನ ಕಾವಿಗೆ ಮೊಟ್ಟೆ ಗಟ್ಟಿಯಾಗುತ್ತ ಆ ನೀರನ್ನೆಲ್ಲ ಬಲೆಯೊಳಗೆ ಕಟ್ಟಿಹಾಕುತ್ತದೆ. ಕೊನೆಗೆ ಸಿಗುವುದು ಗಿಣ್ಣಿನ ಹಾಗೆ ಅಲುಗಾಡುವ ಒಂದು ಹದ. ಗಿಣ್ಣು ಕಾಯಿಸಿ ಗೊತ್ತಿದ್ದವರಿಗೆ ಪೈನ ಕಷ್ಟಸುಖ ಬೇರೆ ಹೇಳಬೇಕಿಲ್ಲ. ಕಾವು ಕಡಿಮೆಯಾದರೆ ಕಟ್ಟುವುದಿಲ್ಲ, ಹೆಚ್ಚಾದರೆ ಹಿಂಡಿ ನೀರು ಬಿಡುತ್ತದೆ.

ಹಾಗಾಗಿ ಓವನ್ನಿನಲ್ಲಿ ಎರಡು ಹಂತ. ಮೊದಲ 15 ನಿಮಿಷ 425 ಡಿಗ್ರಿ ಫ್ಯಾರನ್‌ಹೀಟ್, ತಳದ ಹಿಟ್ಟು ಒದ್ದೆಯಾಗುವ ಮೊದಲೇ ಬೇಯಲಿ ಎಂದು. ಆಮೇಲೆ 350ಕ್ಕೆ ಇಳಿಸಿ 40ರಿಂದ 50 ನಿಮಿಷ. ಅಂಚು ಗಟ್ಟಿಯಾಗಿ ನಡುವೆ ಅಂಗೈಯಗಲ ಇನ್ನೂ ಸ್ವಲ್ಪ ನಡುಗುತ್ತಿರುವಾಗಲೇ ತೆಗೆಯಬೇಕು, ಉಳಿದದ್ದನ್ನು ಒಳಗಿನ ಬಿಸಿಯೇ ಮುಗಿಸುತ್ತದೆ. ನಡು ಕೂಡ ಗಟ್ಟಿಯಾಗಲಿ ಎಂದು ಬಿಟ್ಟರೆ ಆರುವಾಗ ಬಿರುಕು ಬಿಡುತ್ತದೆ, ಅಂಚಿನಲ್ಲಿ ನೀರಿನ ಹನಿಗಳು ನಿಲ್ಲುತ್ತವೆ. ತೆಗೆದ ಮೇಲೆ ಎರಡು ಗಂಟೆ ಮುಟ್ಟದೆ ಆರಲು ಬಿಡಬೇಕು.

ಮನೆಯಲ್ಲಿ ಮಾಡಿದ್ದೇ ಇಷ್ಟು ಸೂಕ್ಷ್ಮ. ಇನ್ನು ಅಂಗಡಿಯ ಪೈ ಕಾರ್ಖಾನೆಯಲ್ಲಿ ಬೆಂದು, ಲಾರಿಯಲ್ಲಿ ಕುಲುಕಿ, ದಿನಗಟ್ಟಲೆ ಮೇಜಿನ ಮೇಲೆ ಕೂತು ನಿಮ್ಮ ಕೈಗೆ ಬರಬೇಕು. ಅಷ್ಟು ಹೊತ್ತು ನೀರು ಬಿಡದೆ ನಿಲ್ಲಲು ಬರೀ ಮೊಟ್ಟೆ ಸಾಲದು, ಕಾರ್ನ್‌ಸ್ಟಾರ್ಚ್ ಎಂಬ ಮೆಕ್ಕೆಜೋಳದ ಗಂಜಿ ಅಥವಾ ಅಂಟು ಬೇಕು. ಕೆಡದಂತಿರಲು ಸಂರಕ್ಷಕ ಬೇಕು. ಗಂಜಿ, ಅಂಟು ಸೇರಿದಷ್ಟೂ ನಾಲಗೆಗೆ ರುಚಿ ಮಂದ, ಅದಕ್ಕೇ ಮಸಾಲೆಯ ಕೈ ಇನ್ನಷ್ಟು ಧಾರಾಳ. ಪೈ ಮಸಾಲೆ ಎಂದು ಬೆರೆಸಿಟ್ಟ ಪುಡಿಯನ್ನು ಮೆಕಾರ್ಮಿಕ್ ಕಂಪನಿ 1934ರಷ್ಟು ಹಿಂದೆಯೇ ಮಾರುಕಟ್ಟೆಗೆ ತಂದಿತ್ತು. 2003ರಲ್ಲಿ ಸ್ಟಾರ್‌ಬಕ್ಸ್ ಅದೇ ಪರಿಮಳವನ್ನು ಕಾಫಿಗೆ ಹಾಕಿತು, ಆ ಕಾಫಿಗೆ ಕುಂಬಳಕಾಯಿ ತಿರುಳು ಬಿದ್ದದ್ದು 2015ರಲ್ಲಿ. ಹನ್ನೆರಡು ವರ್ಷ ಕುಂಬಳಕಾಯಿ ಇಲ್ಲದೆಯೇ ಕುಂಬಳಕಾಯಿ ಹೆಸರಿನ ಕಾಫಿ ಕುಡಿದರು, ಬಹುಪಾಲು ಜನರಿಗೆ ಏನೂ ಕೊರತೆ ಕಾಣಲಿಲ್ಲ. ನನ್ನ ವಾದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈಗ ನಮ್ಮ ದಾರಿ. ಧಾರವಾಡದ ಕಡೆಯ ಗಾರಿಗೆಯನ್ನೇ ತೆಗೆದುಕೊಳ್ಳೋಣ. ಸಣ್ಣಗೆ ತುರಿದ ಸಿಹಿಗುಂಬಳ ಎರಡು ಕಪ್, ಕುಟ್ಟಿದ ಬೆಲ್ಲ ಒಂದು ಕಪ್. ತುರಿಯನ್ನು ಒಂದು ಚಮಚ ತುಪ್ಪದಲ್ಲಿ ಹಸಿ ವಾಸನೆ ಹೋಗುವಷ್ಟು ಬಾಡಿಸಿ ಬೆಲ್ಲ ಹಾಕಿದರೆ ಬಾಣಲೆ ತುಂಬ ನೀರೊಡೆಯುತ್ತದೆ. ಹೊಸಬರು ಹೆದರುವುದೇ ಅಲ್ಲಿ. ಹೆದರಬೇಕಾಗಿಲ್ಲ, ಹಿಂಡಿ ಚೆಲ್ಲಲೂಬಾರದು. ಮುಚ್ಚದೆ ಎಂಟು ಹತ್ತು ನಿಮಿಷ ಕುದಿಸಿದರೆ ತಾನೇ ಇಳಿದು ಹೂರಣದ ಹದಕ್ಕೆ ಬರುತ್ತದೆ. ಚಿಟಿಕೆ ಉಪ್ಪು, ನಾಲ್ಕು ಏಲಕ್ಕಿ. ಉಳಿದ ತೇವವನ್ನು ಕುಡಿಯುವುದು ಹಿಟ್ಟಿನ ಕೆಲಸ. ಮೊದಲು ಅರ್ಧ ಕಪ್ ಚಿರೋಟಿ ರವೆ, ಆಮೇಲೆ ಹಿಡಿಸುವಷ್ಟು ಗೋಧಿ ಹಿಟ್ಟು, ಹೆಚ್ಚುಕಡಿಮೆ ಒಂದೂವರೆ ಎರಡು ಕಪ್. ಹೊರಗಿನ ನೀರು ಒಂದು ತೊಟ್ಟೂ ಇಲ್ಲ.

ಕೆಡುವುದು ಎಲ್ಲಿ? ಬಿಸಿ ಬಿಸಿ ಇರುವಾಗಲೇ ಹಿಟ್ಟೆಲ್ಲ ಸುರಿದರೆ ಬೇಕಾದ್ದಕ್ಕಿಂತ ಹೆಚ್ಚು ಹಿಟ್ಟು ಹಿಡಿದು, ಕರಿದ ಮೇಲೆ ಹಲ್ಲಿಗೆ ಪರೀಕ್ಷೆ. ಉಗುರುಬೆಚ್ಚಗಾದ ಮೇಲೆ ಕಲಸಬೇಕು. ಕಲಸಿದ್ದನ್ನು ಗಂಟೆಗಟ್ಟಲೆ ಇಟ್ಟರೆ ಬೆಲ್ಲ ಮತ್ತೆ ನೀರೊಡೆದು ಸಡಿಲವಾಗುತ್ತದೆ, ಮತ್ತೆ ಹಿಟ್ಟು, ಮತ್ತೆ ಗಟ್ಟಿ. ಹದಿನೈದು ಇಪ್ಪತ್ತು ನಿಮಿಷ ನೆನೆದರೆ ಸಾಕು. ಗಸಗಸೆ ಒತ್ತಿ, ಎಣ್ಣೆ ಸವರಿದ ಎಲೆಯ ಮೇಲೆ ಕಾಲಿಂಚು ದಪ್ಪಕ್ಕೆ ತಟ್ಟಿ. ತೆಳ್ಳಗೆ ತಟ್ಟಿದರೆ ಹಪ್ಪಳಕ್ಕೂ ಅದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಉರಿ ಮಧ್ಯಮಕ್ಕಿಂತ ಸ್ವಲ್ಪ ಕೆಳಗಿರಲಿ, ಬೆಲ್ಲ ಬಹಳ ಬೇಗ ಕಪ್ಪಾಗುತ್ತದೆ. ಎಣ್ಣೆ ಹೊಗೆಯಾಡುವಾಗ ಬಿಟ್ಟರೆ ಹೊರಗೆ ಕರಿ, ಒಳಗೆ ಹಸಿ.

ಇಷ್ಟಾದ ಮೇಲೆ ಒಂದು ಗಾರಿಗೆ ಮುರಿದು ಮೂಗಿನ ಹತ್ತಿರ ಹಿಡಿದರೆ ಮೊದಲು ಬರುವುದು ಕುಂಬಳಕಾಯಿಯ ವಾಸನೆ, ಹಿಂದಿನಿಂದ ಬೆಲ್ಲ, ಅದರ ಹಿಂದೆ ಎಲ್ಲೋ ಏಲಕ್ಕಿ. ನೀರು ಹೋದದ್ದರಿಂದ ಕಾಯಿಯ ರುಚಿ ಒತ್ತಾಗಿ ಉಳಿದಿದೆ, ಅದನ್ನು ಎತ್ತಿ ಹಿಡಿಯಲು ಅಷ್ಟೊಂದು ಬಗೆಯ ಮಸಾಲೆ ಬೇಕಾಗುವುದಿಲ್ಲ. ಮಲೆನಾಡಿನ ಚೀನಿಕಾಯಿ (ಸಿಹಿಗುಂಬಳಕ್ಕೆ ಅಲ್ಲಿ ಆ ಹೆಸರು) ಕಡುಬಿನಲ್ಲಿ ನೀರು ಕಳೆಯುವ ಕೆಲಸ ಅಕ್ಕಿ ತರಿಯದ್ದು, ಹಲ್ವದಲ್ಲಿ ತುಪ್ಪ ಮತ್ತು ಸೌಟು ತಿರುಗಿಸುವ ಕೈಯದ್ದು. ಹಾಗೆಂದು ಜಾಯಿಕಾಯಿ, ಲವಂಗ ನಮಗೆ ಹೊಸದಲ್ಲ. ಉತ್ತರ ಕನ್ನಡದ ಅಡಿಕೆ ತೋಟಗಳಲ್ಲೇ ಜಾಯಿಕಾಯಿ ಬೆಳೆಯುತ್ತದೆ. ಬೆಳೆಯುವವರಿಗೂ ಹೋಳಿಗೆಯ ಹೂರಣಕ್ಕೆ ಅದು ಒಂದು ಚಿಟಿಕೆ ಸಾಕು ಎಂದು ಗೊತ್ತು.

ಇರಲಿ. ಪೈ ತಿನ್ನಲೇಬೇಕೆಂದವರು ಅಂಗಡಿಯಲ್ಲಿ ನೋಡಬೇಕಾದ ಕೆಲವು ಸಂಗತಿಗಳಿವೆ. ಪಾರದರ್ಶಕ ಮುಚ್ಚಳದ ಒಳಗೆ ನೀರ ಹನಿ ಕೂತಿದ್ದರೆ ಬಿಸಿಯಿರುವಾಗಲೇ ಮುಚ್ಚಿದ್ದು ಅಥವಾ ತಂಪಿಗೂ ಸೆಕೆಗೂ ಓಡಾಡಿದ್ದು, ಬಿಟ್ಟುಬಿಡಿ. ನಡುವೆ ಬಿರುಕಿದ್ದರೆ, ಅಂಚಿನಲ್ಲಿ ಹೂರಣ ಹಿಟ್ಟಿನಿಂದ ಬಿಟ್ಟುಕೊಂಡು ಕೂದಲೆಳೆ ಸಂದು ಕಂಡರೆ ಹೆಚ್ಚು ಬೆಂದಿದೆ. ಚೀಟಿಯಲ್ಲಿ ಕುಂಬಳಕಾಯಿ ಮೊದಲ ಹೆಸರಾಗಿರಬೇಕು. ಪದಾರ್ಥಗಳನ್ನು ತೂಕದ ಕ್ರಮದಲ್ಲೇ ಬರೆಯಬೇಕೆಂಬುದು ಇಲ್ಲಿ ಕಾನೂನು, ಆದ್ದರಿಂದ ಸಕ್ಕರೆ ಅದಕ್ಕಿಂತ ಮುಂದಿದ್ದರೆ ನೀವು ಕೊಳ್ಳುತ್ತಿರುವುದು ಸಕ್ಕರೆ. ಮೊಟ್ಟೆ ತಿನ್ನದವರು "ಬರೀ ಕುಂಬಳಕಾಯಿ, ವೆಜಿಟೇರಿಯನ್ನೇ" ಎಂಬ ಮಾತು ನಂಬಿ ಕೈ ಚಾಚಬೇಡಿ. ಹೇಳುವವರು ಸುಳ್ಳು ಹೇಳುತ್ತಿಲ್ಲ, ಅವರ ಲೆಕ್ಕದಲ್ಲಿ ಮೊಟ್ಟೆ ಮಾಂಸವಲ್ಲ. ಕ್ರಸ್ಟಿನ, ಎಂದರೆ ತಳದ ಹಿಟ್ಟಿನ, ಸಾಲಿನಲ್ಲಿ ಲಾರ್ಡ್ ಎಂದಿದ್ದರೆ ಅದು ಹಂದಿಯ ಕೊಬ್ಬು. ವೀಗನ್ ಎಂದು ಬರೆದ, ಹಾಲು ಮೊಟ್ಟೆ ಇಲ್ಲದ ಪೈಗಳು ಫ್ರೀಜರ್ ಸಾಲಿನಲ್ಲಿ ಸಿಗುತ್ತವೆ, ತೆಂಗಿನ ಹಾಲಿಗೆ ಗಂಜಿ ಸೇರಿಸಿ ಕಟ್ಟಿದವು. ಕತ್ತರಿಸಿದರೆ ಚಾಕುವಿಗೆ ಅಂಟುತ್ತವೆ, ಆದರೆ ತೆಂಗಿನ ಹಾಲು ನಮ್ಮ ನಾಲಗೆಗೆ ಪರಿಚಯದ್ದಲ್ಲವೇ, ನನಗೆ ಅವೇ ವಾಸಿ ಅನಿಸುತ್ತವೆ.

ತಂದ ಮೇಲೆ ಫ್ರಿಜ್ಜಿನಿಂದ ತೆಗೆದ ತಕ್ಷಣ ತಿನ್ನಬಾರದು, ತಣ್ಣಗಿದ್ದಾಗ ಸಕ್ಕರೆ ಬಿಟ್ಟು ಬೇರೇನೂ ತಿಳಿಯುವುದಿಲ್ಲ. ಅರ್ಧ ಗಂಟೆ ಹೊರಗಿಡಿ. ಬೆಚ್ಚಗೆ ಬೇಕಿದ್ದರೆ ಟೋಸ್ಟರ್ ಓವನ್ನಿನಲ್ಲಿ 300 ಡಿಗ್ರಿ ಫ್ಯಾರನ್‌ಹೀಟಿಗೆ ಹತ್ತು ನಿಮಿಷ. ಮೈಕ್ರೋವೇವಿನಲ್ಲಿಟ್ಟರೆ ಮೊದಲೇ ಮೆತ್ತಗಿರುವ ತಳ ಒದ್ದೆ ರೊಟ್ಟಿಯಾಗುತ್ತದೆ. ಮೇಲೆ ಹಾಕುವ ಕ್ರೀಮಿಗೆ ಸಕ್ಕರೆ ಬೆರೆಸದಿದ್ದರೆ ಚೆನ್ನ. ಕತ್ತರಿಸಿದ ಪೈ ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ, ಅದರಾಚೆಗೆ ಇಡಬೇಡಿ.

ಇನ್ನು ಮನೆ ಬಾಗಿಲ ಮುಂದೆ ಕಣ್ಣು ಮೂಗು ಕೊರೆದಿಡುವ ಕೇಸರಿ ಕುಂಬಳಕಾಯಿ. ಹೊಸದಾಗಿ ಬಂದವರು ಹ್ಯಾಲೋವೀನ್ ಮರುದಿನ ಅಗ್ಗಕ್ಕೆ ಸಿಕ್ಕಿತೆಂದು ಪಲ್ಯಕ್ಕೆ ಹಾಕುವುದುಂಟು. ನಾರು, ನೀರು, ಅಷ್ಟೇ. ನಮ್ಮ ಸಿಹಿಗುಂಬಳದ ರುಚಿ ಬೇಕಿದ್ದರೆ ಬಟರ್‌ನಟ್ ಎಂಬ ಕುಂಬಳ ತನ್ನಿ, ಮೆಕ್ಸಿಕನ್ ಅಂಗಡಿ ಹತ್ತಿರವಿದ್ದರೆ ಅಲ್ಲಿ ಹೋಳು ಮಾಡಿ ಮಾರುವ ಕಾಲಬಾಸಾ ಇನ್ನೂ ಹತ್ತಿರದ್ದು.

ಇಲ್ಲಿಯವರೆಗೆ ಅವರನ್ನು ಬೈದಾಯಿತು. ನಮ್ಮ ಊರಿನ ಮೇಲೂ ನನಗೆ ಸಿಟ್ಟಿದೆ, ಬಹುಶಃ ಹೆಚ್ಚೇ ಇದೆ. ಆ ಆಫೀಸಿನ ಪ್ರಶ್ನೆಗೆ ಉತ್ತರವಾಗಿ ತೋರಿಸಲು ನಮ್ಮ ಹತ್ತಿರ ಒಂದು ಡಬ್ಬಿ ಇದೆಯೇ? ಧಾರವಾಡಕ್ಕೆ ಪೇಢಾ, ಬೆಳಗಾವಿಗೆ ಕುಂದಾ, ಗೋಕಾಕಕ್ಕೆ ಕರದಂಟು, ಮೈಸೂರಿಗೆ ಪಾಕ್. ಇವಕ್ಕೆಲ್ಲ ಅಂಗಡಿಯಿದೆ, ಪೆಟ್ಟಿಗೆಯಿದೆ, ವಿಮಾನ ಹತ್ತುವ ಯೋಗ್ಯತೆಯಿದೆ. ಬೂದುಗುಂಬಳ ಕೂಡ ಕಾಶಿ ಹಲ್ವವಾಗಿ ಮದುವೆ ಎಲೆಯ ತುದಿಗೆ ಬಂದು ಕೂತಿತು. ಸಿಹಿಗುಂಬಳ ಮಾತ್ರ ಅರ್ಧ ಹೋಳಾಗಿ, ಬೀಜ ಹೊರಗೆ ಕಾಣುತ್ತ, ತಳ್ಳುಗಾಡಿಯ ಮೂಲೆಯಲ್ಲೇ ಉಳಿಯಿತು. ಗಾರಿಗೆ ಬೇಕೆಂದರೆ ಮನೆಯಲ್ಲಿ ಮಾಡಬೇಕು, ಇಲ್ಲವೇ ಹಪ್ಪಳ ಸಂಡಿಗೆ ಮಾರುವ ಯಾವುದೋ ಗೃಹೋದ್ಯಮದವರಿಗೆ ಮೊದಲೇ ಹೇಳಿಡಬೇಕು. ವರ್ಷವಿಡೀ ಸಿಗುವುದಕ್ಕೆ ಕಾಲ ಅನ್ನುವುದು ಇಲ್ಲ, ಕಾಲವಿಲ್ಲದ್ದಕ್ಕೆ ಯಾರೂ ಕಾಯುವುದಿಲ್ಲ. ಕುಂಬಳಕಾಯಿಗೆ ನಮ್ಮ ನಗರಗಳಲ್ಲಿ ವರ್ಷಕ್ಕೊಮ್ಮೆ ಮರ್ಯಾದೆ ಬರುವುದು ಆಯುಧಪೂಜೆಯ ದಿನ, ಅದೂ ಬೂದುಗುಂಬಳಕ್ಕೆ, ಅದೂ ರಸ್ತೆಯ ಮೇಲೆ. ಮರುದಿನ ಅದರ ಮೇಲೆ ಸ್ಕೂಟರ್ ಜಾರುತ್ತದೆ.

ಇಲ್ಲಿ ಹಾಗಲ್ಲ. ಸೆಪ್ಟೆಂಬರಿನಿಂದ ನವೆಂಬರಿನ ನಾಲ್ಕನೇ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಹಬ್ಬದವರೆಗೆ ಇಡೀ ದೇಶ ಒಂದು ಕಾಯಿಯ ಸುತ್ತ ತಿರುಗುತ್ತದೆ. ಕಾಸ್ಟ್‌ಕೊ ಎಂಬ ದೊಡ್ಡ ಅಂಗಡಿಯಲ್ಲಿ ಹನ್ನೆರಡು ಇಂಚು ಅಗಲದ, 58 ಔನ್ಸ್ ತೂಕದ, ಎಂದರೆ ಸುಮಾರು ಒಂದು ಕಿಲೋ 640 ಗ್ರಾಮಿನ ಪೈ ಈಚಿನ ವರ್ಷಗಳಲ್ಲಿ 5.99 ಡಾಲರಿಗೆ ಸಿಗುತ್ತದೆ. ಆ ದುಡ್ಡಿಗೆ ಇಲ್ಲಿನ ಭಾರತೀಯ ಅಂಗಡಿಯಲ್ಲಿ ಅರ್ಧ ಕಿಲೋ ಜಾಮೂನೂ ಬರುವುದು ಕಷ್ಟ. ಪೆಟ್ಟಿಗೆಯ ಮೇಲೆ ಒಳಗಿರುವುದೆಲ್ಲ ಬರೆದಿರುತ್ತದೆ. ನಮ್ಮ ಎಷ್ಟು ಮಿಠಾಯಿ ಅಂಗಡಿಗಳು ಬಿಡಿಯಾಗಿ ಮಾರುವ ಸಿಹಿಗೆ ಅಷ್ಟು ಹೇಳುತ್ತವೆ? ತುಪ್ಪವೋ ಡಾಲ್ಡಾವೋ ಎಂದು ಕೇಳಿದರೆ ಗಲ್ಲೆಯ ಮೇಲೆ ಕೂತವರ ಮುಖ ನೋಡಬೇಕು.

ಇನ್ನೊಂದು ವಿಷಯವನ್ನೂ ಒಪ್ಪಬೇಕು, ಒಪ್ಪಲು ಮನಸ್ಸಿಲ್ಲದಿದ್ದರೂ. ಡಬ್ಬಿಯೊಳಗಿರುವ ಕುಂಬಳಕಾಯಿ ಬಾಗಿಲ ಮುಂದಿನ ಕೇಸರಿ ಜಾತಿಯದ್ದಲ್ಲ. ಲಿಬ್ಬೀಸ್ ಡಬ್ಬಿಗೆ ಹೋಗುವುದು ಡಿಕಿನ್ಸನ್ ಎಂಬ ತಳಿ, ಮಾಸಲು ಕಂದು ಸಿಪ್ಪೆಯ, ಉದ್ದನೆಯ ದಪ್ಪ ಕಾಯಿ. ಇಲಿನಾಯ್ ರಾಜ್ಯದ ಮಾರ್ಟನ್ ಎಂಬ ಸಣ್ಣ ಊರಿನ ಸುತ್ತ ಬೆಳೆಯುತ್ತದೆ, ಅಲ್ಲೇ ಡಬ್ಬಿಗೂ ಸೇರುತ್ತದೆ. ದೇಶದ ಡಬ್ಬಿ ಕುಂಬಳಕಾಯಿಯ ಬಹುಪಾಲು ಅಲ್ಲಿಂದಲೇ ಬರುವುದರಿಂದ, 2009ರಲ್ಲಿ ಮಳೆ ಹೆಚ್ಚಾಗಿ ಕೆಸರಿಗೆ ಟ್ರ್ಯಾಕ್ಟರ್ ಇಳಿಯಲಾಗದೆ ಹೋದಾಗ ಅಂಗಡಿಗಳ ಸಾಲುಗಳೇ ಖಾಲಿಯಾದವು. ಈ ಡಿಕಿನ್ಸನ್ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಕುಕುರ್ಬಿಟಾ ಮೊಸ್ಕಾಟಾ, ಅಂದರೆ ನಮ್ಮ ಸಿಹಿಗುಂಬಳದ ಜಾತಿಯೇ. ಬೂದುಗುಂಬಳ ಏಷ್ಯಾದ್ದು, ಸರಿ. ಸಿಹಿಗುಂಬಳದ ಮೂಲ ಅಮೆರಿಕ ಖಂಡ. ಕಡಲು ದಾಟಿ ನಮ್ಮ ಹಿತ್ತಿಲಿಗೆ ಬಂದು ಬಳ್ಳಿ ಹಬ್ಬಿಸಿದ್ದು ಆಮೇಲಿನ ಶತಮಾನಗಳಲ್ಲಿ. ನಮ್ಮದು, ನಿಮ್ಮದು ಎಂಬ ಜಗಳಕ್ಕೆ ನಮ್ಮ ಕಡೆ ಬಲ ಸ್ವಲ್ಪ ಕಡಿಮೆಯೇ.

ಕಾಯಿ ಅದೇ ಆದ್ದರಿಂದ ನೀರನ್ನು ಓಡಿಸುವ ನಮ್ಮ ವಿದ್ಯೆ ಅವರ ಡಬ್ಬಿಯ ಮೇಲೂ ಸಲೀಸಾಗಿ ನಡೆಯುತ್ತದೆ. ಅಂಗಡಿಯಲ್ಲಿ ಎರಡು ಬಗೆಯ ಡಬ್ಬಿಗಳು ಅಕ್ಕಪಕ್ಕ ಇರುತ್ತವೆ. "100 ಪರ್ಸೆಂಟ್ ಪಂಪ್ಕಿನ್" ಎಂದಿರುವುದು ಬೇಕು. "ಪೈ ಫಿಲ್ಲಿಂಗ್" ಅಥವಾ "ಪೈ ಮಿಕ್ಸ್" ಎಂದಿದ್ದರೆ ಸಕ್ಕರೆ, ಮಸಾಲೆ ಮೊದಲೇ ಬೆರೆಸಿರುತ್ತಾರೆ, ಗಾರಿಗೆಗೆ ಹಾಕಿದರೆ ಲವಂಗದ ಗಾರಿಗೆ ತಿನ್ನಬೇಕಾಗುತ್ತದೆ. 425 ಗ್ರಾಮಿನ ಡಬ್ಬಿಯನ್ನು ಒಂದು ಚಮಚ ತುಪ್ಪದೊಂದಿಗೆ ಅಗಲ ಬಾಣಲೆಯಲ್ಲಿ ಹತ್ತು ಹನ್ನೆರಡು ನಿಮಿಷ ಕೆದಕಿ, ಸೌಟು ಎಳೆದ ಗೆರೆ ಮುಚ್ಚಿಕೊಳ್ಳದೆ ನಿಂತಾಗ ಸುಮಾರು 300 ಗ್ರಾಮಿಗೆ ಇಳಿದಿರುತ್ತದೆ. ಆಗ ಬೆಲ್ಲ ಹಾಕಿ. ತುರಿಯ ನಾರು ಇಲ್ಲದ್ದರಿಂದ ಗಾರಿಗೆ ಸ್ವಲ್ಪ ಜಾಸ್ತಿ ಮೆತ್ತಗಾಗುತ್ತದೆ, ಎರಡು ಚಮಚ ಅಕ್ಕಿ ಹಿಟ್ಟು ಅದನ್ನು ಸರಿಮಾಡುತ್ತದೆ.

ಕೊನೆಯದಾಗಿ ಒಪ್ಪಬೇಕಾದ್ದು ಇದಕ್ಕಿಂತ ಕಷ್ಟದ್ದು. ಗಾರಿಗೆ ಕರಿಯುವವರು ಹಬ್ಬದ ದಿನ ಊಟಕ್ಕೆ ಕೂರುವುದು ಎಲ್ಲರಿಗಿಂತ ಕೊನೆಗೆ, ಎಣ್ಣೆ ಹೊಗೆಯಲ್ಲಿ ಹಸಿವು ಸತ್ತ ಮೇಲೆ. ಪೈ ಹಿಂದಿನ ದಿನವೇ ಬಂದು ಮೇಜಿನ ಮೇಲೆ ಕೂತಿರುತ್ತದೆ, ಹನ್ನೆರಡು ಜನರ ಮನೆಯಲ್ಲೂ ಒಲೆಯ ಮುಂದೆ ಯಾರೂ ನಿಂತಿರುವುದಿಲ್ಲ. ಅಂಗಡಿಯ ತಿಂಡಿಯನ್ನು ಹಗುರವಾಗಿ ಕಾಣುವ ನಮ್ಮಂಥವರು, ಅದರಲ್ಲೂ ಗಂಡಸರು, ಈ ಲೆಕ್ಕವನ್ನು ಬಿಟ್ಟೇ ಮಾತಾಡುತ್ತೇವೆ.

ಹಾಗಾಗಿ ಕರಿಯುವ ಗೋಜಿಲ್ಲದ ಹಲ್ವವೇ ಹೊರನಾಡಿಗೆ ಸರಿಯಾದದ್ದು ಎಂದು ನನ್ನ ಅಭಿಪ್ರಾಯ. ಕನ್ನಡ ಕೂಟಗಳ ದೀಪಾವಳಿ, ರಾಜ್ಯೋತ್ಸವದ ಊಟಗಳು ನಡೆಯುವುದು ಈ ಡಬ್ಬಿಗಳು ಅಗ್ಗವಾಗುವ ಹೊತ್ತಿಗೇ, ಆದರೂ ಎಲೆಗೆ ಬೀಳುವುದು ಪ್ರತಿ ಸಲ ಅದೇ ಕೇಟರಿಂಗ್ ಜಾಮೂನು. 29 ಔನ್ಸಿನ ದೊಡ್ಡ ಡಬ್ಬಿಗೆ 200 ಗ್ರಾಂ ಸಕ್ಕರೆ, 100 ಗ್ರಾಂ ತುಪ್ಪ, ಅರ್ಧ ಕಪ್ ಹಾಲಿನ ಪುಡಿ, ಆರು ಏಲಕ್ಕಿ ಹಾಕಿದರೆ ಹನ್ನೆರಡು ಹದಿಮೂರು ಜನರಿಗೆ ಬಡಿಸಬಹುದು. ನೂರು ಜನಕ್ಕೆ ಎಂಟು ಡಬ್ಬಿ. ಎಂಟನ್ನೂ ಒಂದೇ ಪಾತ್ರೆಗೆ ಸುರಿಯಬೇಡಿ, ಆಳ ಹೆಚ್ಚಾದರೆ ನೀರು ಹೋಗದೆ ಬರೀ ಕುದಿಯುತ್ತದೆ. ಒಂದು ಬಾಣಲೆಗೆ ಎರಡೇ ಡಬ್ಬಿ. ನೀರು ಇಂಗಿದ ಮೇಲೆ ಸಕ್ಕರೆ, ಸಕ್ಕರೆ ಕರಗಿ ಮತ್ತೆ ಗಟ್ಟಿಯಾದ ಮೇಲೆ ಹಾಲಿನ ಪುಡಿ, ತುಪ್ಪ ಮಾತ್ರ ಮೊದಲಿನಿಂದ ಕೊನೆಯವರೆಗೆ ಸ್ವಲ್ಪಸ್ವಲ್ಪ. ಮೊದಲ ಹತ್ತು ನಿಮಿಷ ಗುಳ್ಳೆ ಒಡೆದು ಮೊಣಕೈವರೆಗೆ ಸಿಡಿಯುತ್ತದೆ, ಉದ್ದ ಹಿಡಿಯ ಸೌಟು, ತುಂಬುತೋಳಿನ ಅಂಗಿ ಇರಲಿ. ತಿರುಗಿಸುವ ಕೆಲಸ ಗಂಡಸರಿಗೆ ಕೊಡಿ.